ಮಿತಭಾಷಿ ಪ್ರಧಾನಿ ಕ್ಲೆಮೆಂಟ್ ಅಟ್ಲೀ

ವಾಗ್ವೈಭವದಿಂದ ನಾಯಕರಾದವರು ಲೋಕದಲ್ಲಿ ಅನೇಕರು. ಮಾತನ್ನು ಅಳೆದು ತೂಗಿ ಆಡುತ್ತಲೇ ಒಂದು ಮಹಾರಾಜ್ಯದ ಚುಕ್ಕಾಣಿ ಹಿಡಿದವರು ವಿರಳ. ಆಂಗ್ಲ ದೇಶದ ಪ್ರಧಾನಮಂತ್ರಿಗಳಾಗಿದ್ದ ಕ್ಲೆಮೆಂಟ್ ಅಟ್ಲೀಯವರು ಅಂಥ ವಿರಳರಲ್ಲೊಬ್ಬರು.

ಇವರು 1883ನೆಯ ಜನವರಿ 3ರಂದು ಲಂಡನ್ನಿನ ಪಟ್ನಿಯಲ್ಲಿ ಅನುಕೂಲಸ್ಥ ವಕೀಲರೊಬ್ಬರ ಮನೆಯಲ್ಲಿ ಜನಿಸಿದರು. ಹೇಲಿಬರಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿ ನ್ಯಾಯವಾದಿಗಳಾದರು. ತಾವು ಓದಿದ ಶಾಲೆಯ ಆಶ್ರಯದಲ್ಲಿ ಪೂರ್ವ ಲಂಡನ್ನಿನ ಬಡ ಬಾಲಕರಿಗಾಗಿ ನಡೆಯುತ್ತಿದ್ದ ಸಂಘಕ್ಕೆ 1905ರಲ್ಲಿ ಹೋದದ್ದೇ ಅವರ ಬಾಳಿನ ತಿರುವು. ನೋಡಿಬರಲೆಂದು ಹೋದವರು ಅಲ್ಲಿಯೇ ನೆಲೆಸಿ ಅದರ ವ್ಯವಸ್ಥಾಪಕರಾದರು. ಒಂದು ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗೆ ಇದಕ್ಕಿಂತ ಹಿರಿದಾದ ಋಣಸಂದಾಯ ಮತ್ತಾವುದಿದ್ದೀತು? ದಾರಿದ್ರ್ಯವು ವ್ಯಕ್ತಿಯ ದೋಷವಲ್ಲ, ವ್ಯವಸ್ಥೆಯ ದೋಷವೆಂಬ ಅರಿವು ಅವರಿಗೆ ಆ ಗಲ್ಲಿಗಳಲ್ಲಿ ಮೂಡಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಅವರು 1919ರಲ್ಲಿ ಸ್ಟೆಪ್ನಿಯ ಮೇಯರರೂ 1922ರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಆದರು.

1928ರಲ್ಲಿ ಭಾರತಕ್ಕೆ ಬಂದು ಕಪ್ಪು ಬಾವುಟಗಳ ಸ್ವಾಗತ ಪಡೆದ ಸೈಮನ್ ಆಯೋಗದಲ್ಲಿ ಅಟ್ಲೀಯವರೂ ಒಬ್ಬ ಸದಸ್ಯರು. ಭಾರತೀಯನೊಬ್ಬನಿಗೂ ಎಡೆಯಿಲ್ಲದ ಆ ಮಂಡಲಿಯ ತಪ್ಪಿನಲ್ಲಿ ಅವರ ಪಾಲೂ ಉಂಟು. ಆದರೆ ಭಾರತದ ಪ್ರಶ್ನೆಯ ಆಳವನ್ನು ಅವರು ಕಂಡುಕೊಂಡದ್ದು ಆ ಪ್ರವಾಸದಲ್ಲಿಯೇ.

1935ರಲ್ಲಿ ಲೇಬರ್ ಪಕ್ಷದ ನಾಯಕತ್ವ ಅವರಿಗೆ ಬಂದಾಗ ಅದು ತಾತ್ಕಾಲಿಕವೆಂದೇ ಹಲವರು ಬಗೆದರು. ಅದು ಇಪ್ಪತ್ತು ವರ್ಷ ಉಳಿಯಿತು. 1945ರ ಚುನಾವಣೆಯಲ್ಲಿ ಚರ್ಚಿಲ್ಲರ ಪಕ್ಷ ಸೋತು ಲೇಬರ್ ಪಕ್ಷವು 393 ಸ್ಥಾನಗಳನ್ನು ಗಳಿಸಿತು. ನಾಯಕನನ್ನು ಮೊದಲು ಹೊಸದಾಗಿ ಆರಿಸಬೇಕೆಂದು ಹರ್ಬರ್ಟ್ ಮಾರಿಸನ್ನರು ಪಟ್ಟುಹಿಡಿದರು. ಅಟ್ಲೀಯವರು ವಾದಿಸಲಿಲ್ಲ. ಪತ್ನಿ ನಡೆಸುತ್ತಿದ್ದ ಪುಟ್ಟ ಕಾರಿನಲ್ಲಿ ಕುಳಿತು ಅರಮನೆಗೆ ಹೋದರು, ಪ್ರಧಾನಿಯಾಗಿ ಹೊರಬಂದರು. ಅದೇ ಮಾರಿಸನ್ನರನ್ನು ಉಪಪ್ರಧಾನಿಯಾಗಿ ಪಕ್ಕದಲ್ಲಿ ಕೂರಿಸಿಕೊಂಡದ್ದು ಅವರ ನೀತಿಜ್ಞತೆ.

ಬೆವಿನ್, ಬೆವನ್, ಕ್ರಿಪ್ಸ್ ಮೊದಲಾದ ಘಟಾನುಘಟಿಗಳ ಆ ಸಂಪುಟದಲ್ಲಿ ಅವರು ಎಲ್ಲರ ಮಾತನ್ನೂ ಕೇಳಿ, ಕೊನೆಗೆ ನಾಲ್ಕೇ ನುಡಿಗಳಲ್ಲಿ ನಿರ್ಣಯವನ್ನು ಹೇಳಿ ಮುಗಿಸುತ್ತಿದ್ದರು. ಇಲಾಖೆಯನ್ನು ಮಂತ್ರಿಗೆ ಒಪ್ಪಿಸಿದ ಮೇಲೆ ಕೈಹಾಕುತ್ತಿರಲಿಲ್ಲ. 1948ರ ಜುಲೈ 5ರಂದು ಸರ್ವರಿಗೂ ಉಚಿತ ಚಿಕಿತ್ಸೆಯ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು ಬೆವನ್ನರ ಹೆಸರಿನಲ್ಲಿ. ಹಿಂದೆ ನಿಂತವರು ಅಟ್ಲೀ. ಆಯವ್ಯಯದ ಗುಟ್ಟನ್ನು ಬಾಯಿತಪ್ಪಿ ಹೊರಗೆಡಹಿದ ಅರ್ಥಮಂತ್ರಿ ಡಾಲ್ಟನ್ನರ ರಾಜೀನಾಮೆಯನ್ನು 1947ರಲ್ಲಿ ಅವರು ಸ್ವೀಕರಿಸದೆ ಬಿಡಲಿಲ್ಲ. ಆದರೆ ಅದೇ ವರ್ಷ ಅಣುಬಾಂಬಿನ ತಯಾರಿಕೆಯನ್ನು ಪೂರ್ಣ ಸಂಪುಟಕ್ಕೆ ತಿಳಿಸದೆ ನಿರ್ಧರಿಸಿದ್ದು ಆ ಮೌನದ ಇನ್ನೊಂದು ಮುಖ.

1948ರ ಜೂನಿನೊಳಗೆ ಭಾರತವನ್ನು ಬಿಟ್ಟುಕೊಡುವುದಾಗಿ ಅವರು 1947ರ ಫೆಬ್ರವರಿ 20ರಂದು ಸಾರಿದರು. ಅಧಿಕಾರ ಹಸ್ತಾಂತರ ಆಗಸ್ಟಿನಲ್ಲಿಯೇ ನಡೆದುಹೋಯಿತು. ಈ ತ್ವರೆಯು ವಿಭಜನೆಯ ರಕ್ತಪಾತಕ್ಕೆ ಎಷ್ಟರಮಟ್ಟಿಗೆ ಕಾರಣವೆಂಬ ಪ್ರಶ್ನೆ ಅವರ ಕೀರ್ತಿಯನ್ನು ಬಿಡದೆ ಹಿಂಬಾಲಿಸಿದೆ.

1951ರಲ್ಲಿ ಎದುರು ಪಕ್ಷಕ್ಕಿಂತ ಹೆಚ್ಚು ಮತಗಳನ್ನು ಪಡೆದೂ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು. 1967ನೆಯ ಅಕ್ಟೋಬರ್ 8ರಂದು ಅವರು ನಿಧನರಾದರು. ಅವರ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇರಿಸಲಾಗಿದೆ.