ಕಾದಂಬರಿಯ ಹೊರೆ ಹೊತ್ತ ಗಳಗನಾಥರು

ಪುಸ್ತಕಗಳಿವೆ, ಓದುವವರಿಲ್ಲ ಎಂದು ಗ್ರಂಥಾಲಯದವರ ದೂರು. ಓದಬೇಕೆಂಬ ಹಂಬಲವಿದೆ, ಪುಸ್ತಕ ಕೈಗೆ ಸಿಗದು ಎಂದು ದುಡಿಯುವವರ ದೂರು. ಮುಂಬಯಿಯ ಕನ್ನಡಿಗರಲ್ಲಿ ಈ ಎರಡನ್ನೂ ನಾವು ಕೇಳುತ್ತಲೇ ಬಂದಿದ್ದೇವೆ. ಸಂಘದ ಕಪಾಟಿನಲ್ಲಿ ಕಾದಂಬರಿಗಳು ಸಾಲಾಗಿ ನಿಂತಿರುತ್ತವೆ. ಆದರೆ ಹೋಟೆಲಿನಲ್ಲಿ ದುಡಿಯುವವನಿಗೆ ಬಿಡುವು ದೊರೆಯುವ ವೇಳೆಗೆ ಆ ಬಾಗಿಲು ಮುಚ್ಚಿರುತ್ತದೆ. ಕಚೇರಿಯ ಗುಮಾಸ್ತನು ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿ ಅದನ್ನು ದಾಟಿ ಹೋಗುತ್ತಾನೆ. ಅದರಲ್ಲಿಯೂ ಒಲವಿನ ಕಥೆಯೊಂದನ್ನು ಬಾಯಿಬಿಟ್ಟು ಕೇಳಲು ಹಲವರಿಗೆ ಸಂಕೋಚ. ಈ ತೊಡಕುಗಳು ಹೊಸವಲ್ಲ. ನೂರು ವರ್ಷಗಳ ಹಿಂದೆಯೇ ಇವನ್ನು ಕಂಡು, ಓದುಗನು ಬರಲೆಂದು ಕಾದು ಕೂಡದೆ, ಪುಸ್ತಕದ ಗಂಟನ್ನು ಹೊತ್ತು ಅವನ ಮನೆಬಾಗಿಲಿಗೇ ನಡೆದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರೇ ಕನ್ನಡ ಕಾದಂಬರಿಯ ಪಿತಾಮಹರೆಂದು ಖ್ಯಾತರಾದ ಗಳಗನಾಥರು.

ಅವರ ನಿಜನಾಮಧೇಯ ವೆಂಕಟೇಶ ತಿರಕೋ ಕುಲಕರ್ಣಿ. 1869ರ ಜನವರಿ 5ರಂದು ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ ಅವರು ಜನಿಸಿದರು. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಆ ತಾಣದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಹುಟ್ಟೂರಿನ ಹೆಸರೇ ಮುಂದೆ ಅವರ ಹೆಸರಾಯಿತು. ಧಾರವಾಡದಲ್ಲಿ ಶಿಕ್ಷಣ ಪಡೆದು ಅವರು ಕನ್ನಡ ಶಾಲೆಯ ಮಾಸ್ತರರಾದರು. ಮಾಸ್ತರಿಕೆಯ ಅಲ್ಪ ಸಂಬಳದಲ್ಲಿ ಸಂಸಾರ ಸಾಗಿಸುವುದೇ ಕಷ್ಟವಾಗಿದ್ದ ಕಾಲವದು. ಆದರೂ ದಿನದ ದುಡಿಮೆ ಮುಗಿದ ಮೇಲೆ ಅವರು ಲೇಖನಿಯನ್ನು ಹಿಡಿದರು.

ಆಗಿನ ಪರಿಸ್ಥಿತಿಯನ್ನು ಮುಂಬಯಿಯಲ್ಲಿರುವ ನಾವು ಸುಲಭವಾಗಿ ತಿಳಿಯಬಲ್ಲೆವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಧಾರವಾಡ ಜಿಲ್ಲೆಯು ಮುಂಬಯಿಯ ಆಡಳಿತಕ್ಕೇ ಒಳಪಟ್ಟಿತ್ತು. ಕಲಿತವರ ಮನೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಮನೆಯಲ್ಲಿ ಕನ್ನಡವಾಡುತ್ತಿದ್ದವರೂ ಕಥೆಯನ್ನು ಓದಬೇಕೆನಿಸಿದಾಗ ಮರಾಠಿಯ ಪುಸ್ತಕಕ್ಕೆ ಕೈ ಚಾಚುತ್ತಿದ್ದರು. ಏಕೆಂದರೆ ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರಂಥ ಸಮರ್ಥರು ರಸವತ್ತಾದ ಕಾದಂಬರಿಗಳನ್ನು ಬರೆಯುತ್ತಿದ್ದರು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು 1885ರಲ್ಲಿಯೇ ಬಂಕಿಮಚಂದ್ರರ ದುರ್ಗೇಶನಂದಿನಿಯನ್ನು ಕನ್ನಡಕ್ಕೆ ತಂದಿದ್ದರು. ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಪ್ರಕಟವಾಯಿತು. ಉತ್ತರದ ಕನ್ನಡ ಸೀಮೆಯಲ್ಲಿ ಆ ಹಸಿವನ್ನು ತಣಿಸುವ ಭಾರ ಗಳಗನಾಥರ ಪಾಲಿಗೆ ಬಂದಿತು.

ಅವರ ಪ್ರಬುದ್ಧ ಪದ್ಮನಯನೆ ಎಂಬ ಕಾದಂಬರಿಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ಆ ಮೇಲೆ ಅವರ ಲೇಖನಿಯು ವಿಶ್ರಮಿಸಲಿಲ್ಲ. ಮರಾಠಿಯನ್ನು ಓದುತ್ತಿದ್ದ ಕನ್ನಡಿಗರನ್ನು ಅವರು ಹಳಿಯುತ್ತ ಕೂಡಲಿಲ್ಲ. ಮರಾಠಿಯಲ್ಲಿದ್ದ ಸೊಗಸನ್ನೇ ಕನ್ನಡಕ್ಕೆ ತಂದುಕೊಟ್ಟರು. ಆಪಟೆಯವರ ವಜ್ರಾಘಾತವು ಅವರ ಕೈಯಲ್ಲಿ ಕನ್ನಡಿಗರ ಕರ್ಮಕಥೆಯಾಯಿತು. 1565ರಲ್ಲಿ ವಿಜಯನಗರಕ್ಕೆ ಒದಗಿದ ದುರ್ಗತಿ ಅದರ ವಸ್ತು. ಆದರೆ ಸಾಮಾನ್ಯ ಓದುಗನ ಕೈಹಿಡಿದು ಕೊನೆಯ ಪುಟದವರೆಗೆ ನಡೆಸುವುದು ರಾಮರಾಜ ಮತ್ತು ಮೆಹರ್ಜಾನರ ಪ್ರಣಯ ಹಾಗೂ ಆ ಪ್ರಣಯಕ್ಕೆ ಒದಗಿದ ಭಂಗ. ಇತಿಹಾಸದ ಪಾಠವೆಂದರೆ ಪುಸ್ತಕವನ್ನು ಮುಚ್ಚಿಡುವವನೂ ಒಲವಿನ ಕಥೆಯೆಂದರೆ ತೆರೆದು ನೋಡುತ್ತಾನೆ. ನೋಡುತ್ತ ನೋಡುತ್ತ ತನ್ನ ನಾಡಿನ ಏಳುಬೀಳುಗಳನ್ನು ಅರಿತುಕೊಳ್ಳುತ್ತಾನೆ. ಮಾಧವ ಕರುಣಾವಿಲಾಸದಲ್ಲಿ ಗಳಗನಾಥರು ಅದೇ ವಿಜಯನಗರದ ಉದಯದ ಕಥೆಯನ್ನು ಹೇಳಿದರು.

ಕಾದಂಬರಿಯ ಓದು ಮನಸ್ಸನ್ನು ಕೆಡಿಸುವುದೆಂಬ ಶಂಕೆ ಆಗಿನ ಹಿರಿಯರಲ್ಲಿ ಬಲವಾಗಿತ್ತು. ಹೆಣ್ಣುಮಕ್ಕಳ ಕೈಯಲ್ಲಿ ಅದನ್ನು ಕಂಡರೆ ಅಸಮಾಧಾನ ಮತ್ತಷ್ಟು ಹೆಚ್ಚುತ್ತಿತ್ತು. ಗಳಗನಾಥರು ಈ ಶಂಕೆಯೊಡನೆ ವಾದಕ್ಕಿಳಿಯದೆ ಬೇರೊಂದು ಮಾರ್ಗವನ್ನು ಹಿಡಿದರು. 1907ರಲ್ಲಿ ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆಯನ್ನು ಅವರು ನಡೆಸತೊಡಗಿದರು. ಹೆಸರೇ ಸದ್ಬೋಧ, ಅದು ಮನೆಯೊಳಗೆ ಬರುವುದನ್ನು ತಡೆಯುವ ಹಿರಿಯರಾರು? ನೀತಿ, ಭಕ್ತಿಗಳ ಜೊತೆಗೆ ಕಾದಂಬರಿಯೂ ಕಂತುಕಂತಾಗಿ ಮನೆಯನ್ನು ಹೊಕ್ಕಿತು. ಒಂದು ತಿಂಗಳ ಕಂತು ಮುಗಿದರೆ ಮುಂದಿನದಕ್ಕಾಗಿ ಮನೆಮಂದಿ ಕಾಯುವಂತಾಯಿತು. ಇಡೀ ಗ್ರಂಥವನ್ನು ಒಮ್ಮೆಗೇ ಕೊಳ್ಳಲಾರದ ಬಡವನಿಗೂ ಸ್ವಲ್ಪ ಸ್ವಲ್ಪವಾಗಿ ಓದುವ ಅನುಕೂಲ ಒದಗಿತು. ಮುಂದೆ ಹಾವೇರಿಯಿಂದ ಸದ್ಗುರು ಎಂಬ ಪತ್ರಿಕೆಯನ್ನೂ ಅವರು ಹೊರಡಿಸಿದರು.

ಆದರೆ ಅವರ ಬಾಳಿನಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವುದು ಅವರ ಪುಸ್ತಕ ಸಂಚಾರ. ಬರೆದವರು ತಾವೇ, ಅಚ್ಚು ಹಾಕಿಸಿದವರು ತಾವೇ, ಮಾರಿದವರೂ ತಾವೇ. ಪುಸ್ತಕಗಳನ್ನು ಗಂಟುಕಟ್ಟಿ ಹೊತ್ತು, ಊರಿಂದ ಊರಿಗೆ, ಮನೆಯಿಂದ ಮನೆಗೆ ಅವರು ತಿರುಗಿದರು. ಗ್ರಂಥಕರ್ತನೊಬ್ಬನು ತನ್ನ ಹೊರೆಯನ್ನು ತಾನೇ ಹೊತ್ತು ಅಲೆಯುವುದು ಪ್ರತಿಷ್ಠೆಗೆ ಕುಂದೆಂದು ಅವರಿಗೆ ಎನಿಸಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ತಟ್ಟೆಲೋಟಗಳನ್ನು ಹೊತ್ತು ಓಡಾಡುವ ನಮ್ಮ ಬಂಧುಗಳಿಗೆ ಆ ಹೊರೆಯ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡಿಮೆಯಲ್ಲಿ ಕೀಳೆಂಬುದಿಲ್ಲವೆಂದು ಅವರು ಬಾಯಿಂದ ಬೋಧಿಸುವುದಕ್ಕೆ ಬದಲಾಗಿ ಬಾಳಿ ತೋರಿಸಿದರು.

ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟ ಈ ಹಿರಿಯರ ಬಳಿ ಸಂಪತ್ತು ಸೇರಲಿಲ್ಲ. ಕೊನೆಯ ತನಕ ಬಡತನ ಬೆನ್ನು ಬಿಡಲಿಲ್ಲ. 1942ರ ಏಪ್ರಿಲ್ 22ರಂದು ಅವರು ಕಾಲವಶರಾದರು. ಅವರು ಗಳಿಸಿಟ್ಟು ಹೋದದ್ದು ಓದುಗರನ್ನು. ಮುಂದೆ ಅನೇಕ ಕಾದಂಬರಿಕಾರರಿಗೆ ಸಾವಿರಾರು ವಾಚಕರು ದೊರೆತರೆಂದರೆ, ಆ ಹೊಲವನ್ನು ಮೊದಲು ಉತ್ತು ಹದಮಾಡಿದವರಲ್ಲಿ ಗಳಗನಾಥರೂ ಒಬ್ಬರೆಂಬುದನ್ನು ನಾವು ಮರೆಯಲಾಗದು.

ಇಂಥವರನ್ನು ಹಾರ ಹಾಕಿ ಸ್ಮರಿಸಿದರೆ ಸಾಲದು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಮುಂಬಯಿಯಲ್ಲಿ ಹುಟ್ಟಿದ ಕಾಲದಿಂದಲೂ ಇಲ್ಲಿಯ ಕನ್ನಡಿಗರು ನುಡಿಗಾಗಿ ಒಗ್ಗೂಡುತ್ತ ಬಂದಿದ್ದಾರೆ. ಈಗ ನಮ್ಮ ಕಪಾಟುಗಳ ಬಾಗಿಲು ತೆರೆಯಬೇಕು. ಗಾಜಿನ ಹಿಂದೆ ಬೆನ್ನು ತೋರಿಸಿ ನಿಂತ ಪುಸ್ತಕಗಳಲ್ಲಿ ಹತ್ತನ್ನಾದರೂ ಹೊರತೆಗೆದು, ಮುಖಪುಟ ಕಾಣುವಂತೆ ಬಾಗಿಲ ಬಳಿಯ ಮೇಜಿನ ಮೇಲಿಡಬೇಕು. ಅವುಗಳಲ್ಲಿ ಒಲವಿನ ಕಥೆಗಳಿಗೆ ಮುಂದಿನ ಸ್ಥಾನವಿರಲಿ. ಕೇಳುವ ಸಂಕೋಚವಿಲ್ಲದೆ ಓದುಗನು ತಾನೇ ಎತ್ತಿಕೊಳ್ಳಲಿ. ವಾರಕ್ಕೊಂದು ರಾತ್ರಿಯಾದರೂ ಗ್ರಂಥಾಲಯವು ತಡವಾಗಿ ತೆರೆದಿರಲಿ. ಓದಿದವನೊಬ್ಬನು ಅರ್ಧ ಕಥೆಯನ್ನು ಹೇಳಿ, ಉಳಿದರ್ಧಕ್ಕೆ ಕೇಳುವವರ ಕೈಗೆ ಪುಸ್ತಕವನ್ನೇ ಕೊಡಲಿ. ಬರಲಾರದವರಿಗಾಗಿ ನಾಲ್ಕು ಪುಸ್ತಕಗಳ ಚೀಲವೊಂದು ಅಂಧೇರಿಯ, ಡೊಂಬಿವಲಿಯ ಹೋಟೆಲುಗಳಿಗೆ ಹೋಗಿ ಬರಲಿ.

ಒಲವಿನ ಕಥೆಯಿಂದ ಓದು ಮೊದಲಾದರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಊರುಬಿಟ್ಟು ಬಂದವನಿಗೆ ದಿನದ ಕೊನೆಯಲ್ಲಿ ತನ್ನ ನುಡಿಯಲ್ಲಿ ನಾಲ್ಕು ಪುಟ ದೊರೆತರೆ ಈ ಮಹಾನಗರವೂ ಅಷ್ಟು ಪರಕೀಯವೆನಿಸದು. ಆ ನಾಲ್ಕು ಪುಟಗಳನ್ನು ತಲುಪಿಸುವ ಹೊರೆ ಈಗ ನಮ್ಮ ಹೆಗಲಿನದು.