ಕಾಡಶೆಟ್ಟಿಹಳ್ಳಿಯ ಹುಡುಗ ಕಲಿತದ್ದು ಹೇಗೆ? ಪಂಚಾಕ್ಷರಿ ಗವಾಯಿಗಳ ಬದುಕು



ಸೆಮಿಸ್ಟರ್ ರಿಸಲ್ಟ್ ಬಂದ ವಾರ ಹಾಸ್ಟೆಲ್ಲಿನಲ್ಲಿ ಎಲ್ಲರೂ ಎಲ್ಲರ ಬಗ್ಗೆ ತೀರ್ಪು ಕೊಡ್ತಾರೆ. ಇವನು ಹುಟ್ಟಾ ಬುದ್ಧಿವಂತ, ಅವನಿಗೆ ಮ್ಯಾಥ್ಸ್ ತಲೆಗೆ ಹತ್ತೋದಿಲ್ಲ, ಇವಳಿಗೆ ಓದೋ ಹುಮ್ಮಸ್ಸೇ ಇಲ್ಲ ಅಂತ. ಕಲಿಕೆ ಅನ್ನೋದು ಒಬ್ಬೊಬ್ಬರ ತಲೆಯೊಳಗೆ ಮಾತ್ರ ನಡೆಯುವ ಕೆಲಸ ಅನ್ನೋ ಹಾಗೆ ನಾವು ಮಾತಾಡ್ತೀವಿ. ಮನೆ, ಊರು, ಜಾತಿ, ಭಾಷೆ, ದುಡ್ಡು, ಹೇಳಿಕೊಡುವವರ ನಂಬಿಕೆ ಇವೆಲ್ಲ ಆ ಲೆಕ್ಕದಲ್ಲಿ ಬರೋದೇ ಇಲ್ಲ. ಈ ಸಲ ನಮ್ಮ ಪತ್ರಿಕೆಗೆ ನಾನು ಆರಿಸಿಕೊಂಡ ವ್ಯಕ್ತಿಯ ಬದುಕನ್ನು ಓದಿದರೆ ಆ ಲೆಕ್ಕ ಎಷ್ಟು ಅರ್ಧಂಬರ್ಧ ಅನ್ನೋದು ಗೊತ್ತಾಗುತ್ತೆ. ಅವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

1892ರ ಫೆಬ್ರುವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗೆ ಹುಟ್ಟಿದ ಮಗು ಅವರು. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆಗ ಹಾನಗಲ್ ಧಾರವಾಡ ಜಿಲ್ಲೆಗೆ ಸೇರಿತ್ತು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಗದಿಗೆಯ್ಯ ಇನ್ನೂ ಚಿಕ್ಕವನಿದ್ದಾಗಲೇ, 1896ರಿಂದ 1900ರ ನಡುವೆ, ಆ ಪ್ರಾಂತ್ಯ ಎರಡು ದೊಡ್ಡ ಬರಗಾಲಗಳನ್ನು ಕಂಡಿತು. ಪ್ಲೇಗ್ ಕೂಡ ಅದೇ ಹೊತ್ತಿಗೆ ಬಂತು. ಅಂಥಾ ಕಾಲದ ಹಳ್ಳಿಯಲ್ಲಿ ಕಣ್ಣಿಲ್ಲದ ಎರಡು ಗಂಡುಮಕ್ಕಳು ಅಂದರೆ ಜನ ಏನು ಯೋಚಿಸ್ತಿದ್ದರು ಅಂತ ಊಹಿಸೋದು ಕಷ್ಟವಲ್ಲ. ಹೊಲದ ಕೆಲಸ ಆಗದು, ಸ್ಲೇಟು ಬಳಪ ಹಿಡಿಯಲಾಗದು. ಕನ್ನಡಕ್ಕೆ ಬ್ರೈಲ್ ಬಳಕೆಗೆ ಬರುವುದು ಇನ್ನೂ ಎಷ್ಟೋ ದೂರ. ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಪದ್ಧತಿ ಗೊತ್ತಾದದ್ದೇ 1951ರಲ್ಲಿ. ಹಾಗಾಗಿ ಇಂಥ ಮಕ್ಕಳು ಏನಾದರೂ ಕಲಿತಾರು ಅಂತ ಯಾರೂ ಕಾಯ್ತಿರಲಿಲ್ಲ.

ಆದರೆ ಆ ಹಳ್ಳಿಯಲ್ಲಿ ಹಾಡು ಇತ್ತು. ಭಜನೆ, ತತ್ವಪದ, ಜಾತ್ರೆಯ ರಾತ್ರಿ ಬಯಲಾಟ, ಮಠದಲ್ಲಿ ಪುರಾಣ. ಈ ನಾಲ್ಕು ತಾಲ್ಲೂಕುಗಳ ಮಣ್ಣನ್ನೇ ನೋಡಿ. ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಅದೇ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು, ಮುಸ್ಲಿಂ ಶಿಷ್ಯ ಮತ್ತು ಬ್ರಾಹ್ಮಣ ಗುರು. ಹಿರೇಕೆರೂರಿನ ಅಬಲೂರು, ಮಾಸೂರು ಅಂದ ಕೂಡಲೇ ಸರ್ವಜ್ಞ ನೆನಪಾಗ್ತಾನೆ. ಸವಣೂರು ನವಾಬರ ಊರು, ಮುಂದೆ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲೇ. ಷರೀಫರು ತೀರಿಕೊಂಡ ಮೂರೇ ವರ್ಷಕ್ಕೆ ಗದಿಗೆಯ್ಯ ಹುಟ್ಟಿದ. ಅಂದರೆ ಅವನ ಬಾಲ್ಯದಲ್ಲಿ ಆ ಸುತ್ತಿನ ಹಳ್ಳಿಗಳಲ್ಲಿ ಷರೀಫರನ್ನು ಕಣ್ಣಾರೆ ಕಂಡವರೇ ಇದ್ದರು. ಅಕ್ಷರ ಬಾರದವರೂ ನೂರಾರು ಹಾಡನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಊರುಗಳವು. ಪಾಠ ಶುರುವಾಗುವ ಮೊದಲೇ ಈ ಹುಡುಗರ ಕಿವಿ ತಯಾರಾಗಿತ್ತು. ಇದನ್ನು ಪ್ರತಿಭೆ ಅಂತ ಕರೆದು ಸುಮ್ಮನಾಗಬಹುದು. ಆದರೆ ಆ ಪ್ರತಿಭೆಗೆ ಮೊದಲ ಗೊಬ್ಬರ ಹಾಕಿದ್ದು ಊರೇ.

ಅಲ್ಲಿಂದ ಮುಂದೆ ಬೇಕಾದದ್ದು ಒಬ್ಬ ಮನುಷ್ಯನ ಗಮನ. ಅದು ಹಾನಗಲ್ ವಿರಕ್ತಮಠದ ಕುಮಾರಸ್ವಾಮಿಗಳಿಂದ ಬಂತು. 1867ರಲ್ಲಿ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹುಟ್ಟಿದ ಅವರು 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭಾ ದಂಡೆಯ ಮೇಲೆ ಶಿವಯೋಗ ಮಂದಿರ ಕಟ್ಟಿದವರು. ಅವರು ಈ ಇಬ್ಬರು ಹುಡುಗರ ಹಾಡು ಕೇಳಿದರು, ತಂದೆತಾಯಿಯನ್ನು ಒಪ್ಪಿಸಿ ಜೊತೆಗೆ ಕರೆದುಕೊಂಡು ಹೋದರು. ಇಲ್ಲಿ ಒಂದು ಮಾತು ಮುಚ್ಚಿಡದೇ ಹೇಳಬೇಕು. ಗದಿಗೆಯ್ಯನದು ಜಂಗಮ ಮನೆತನ, ಮಠಕ್ಕೆ ಹತ್ತಿರದ ಮನೆ. ಸ್ವಾಮಿಗಳ ಕಿವಿಗೆ ಅವನ ದನಿ ಬೀಳುವ ಅವಕಾಶ ಇತ್ತು. ಅದೇ ಊರಿನ ಕೇರಿಯಲ್ಲಿ ಅಷ್ಟೇ ಚೆಂದ ಹಾಡುವ ಕಣ್ಣಿಲ್ಲದ ಹುಡುಗ ಇದ್ದಿದ್ದರೆ 1900ರ ಸುಮಾರಿನಲ್ಲಿ ಅವನಿಗೆ ಆ ಬಾಗಿಲು ಇಷ್ಟು ಸಲೀಸಾಗಿ ತೆರೆಯುತ್ತಿತ್ತಾ? ಬಡತನ ಮತ್ತು ಕುರುಡು ಗದಿಗೆಯ್ಯನ ವಿರುದ್ಧ ಇದ್ದವು, ಹುಟ್ಟಿದ ಮನೆತನ ಅವನ ಪರ ಇತ್ತು. ಒಬ್ಬ ವಿದ್ಯಾರ್ಥಿಯ ಬದುಕಿನಲ್ಲಿ ಇವೆರಡೂ ಒಟ್ಟಿಗೇ ಕೆಲಸ ಮಾಡ್ತವೆ.

ಕುಮಾರಸ್ವಾಮಿಗಳು ಮಾಡಿದ್ದು ಬರೀ ಅನ್ನ ಹಾಕುವ ಕೆಲಸ ಆಗಿರಲಿಲ್ಲ. ಹುಡುಗನನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಆಮೇಲೆ ಹಿಂದೂಸ್ತಾನಿ ಕಲಿಯಲಿ ಅಂತ ಉಸ್ತಾದ್ ವಹೀದ್ ಖಾನರ ಪಾಠದ ವ್ಯವಸ್ಥೆ ಮಾಡಿದರು. ವೀರಶೈವ ಮಠದ ಸ್ವಾಮಿಗಳು ತಮ್ಮ ಹುಡುಗನಿಗೆ ಮುಸ್ಲಿಂ ಉಸ್ತಾದರನ್ನು ಗುರುವಾಗಿ ಹುಡುಕಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆ ಹೊತ್ತಿಗೆ ಧಾರವಾಡ ಸೀಮೆಯಲ್ಲಿ ಹಿಂದೂಸ್ತಾನಿಯ ಗಾಳಿ ಜೋರಾಗಿತ್ತು. ಮರಾಠಿ ನಾಟಕ ಮಂಡಳಿಗಳು ಊರೂರಿಗೆ ಬರುತ್ತಿದ್ದವು. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಅಬ್ದುಲ್ ಕರೀಂ ಖಾನರಂಥವರು ಧಾರವಾಡದಲ್ಲಿ ನಿಲ್ಲುತ್ತಿದ್ದರು, ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ದಕ್ಷಿಣದ ಮತ್ತು ಉತ್ತರದ ಸಂಗೀತ ಎರಡೂ ಕೈಗೆ ಸಿಗುವ ಗಡಿನಾಡು ಇದು. ಗದಿಗೆಯ್ಯ ಎರಡನ್ನೂ ಕಲಿತು ಪಂಚಾಕ್ಷರಿ ಗವಾಯಿ ಆದರು. ಜನ ಅವರನ್ನು ಉಭಯಗಾನ ವಿಶಾರದ ಅಂತ ಕರೆದರು. ವಚನಗಳನ್ನು ರಾಗಕ್ಕೆ ಕೂಡಿಸಿ ಕಛೇರಿಯಲ್ಲಿ ಹಾಡಿದ ಮೊದಲಿಗರ ಸಾಲಿನಲ್ಲಿ ಅವರ ಹೆಸರಿದೆ.

ಇಷ್ಟಕ್ಕೇ ನಿಂತಿದ್ದರೆ ಇದು ಕಷ್ಟಪಟ್ಟು ಮೇಲೆ ಬಂದ ಒಬ್ಬ ಕಲಾವಿದರ ಕತೆ ಆಗ್ತಿತ್ತು. ಕುಮಾರಸ್ವಾಮಿಗಳ ಮನಸ್ಸಿನಲ್ಲಿದ್ದದ್ದು ಬೇರೆ. ತನ್ನಂಥ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಪಂಚಾಕ್ಷರಿ ಕಲಿಸಬೇಕು ಅನ್ನೋದು ಅವರ ಆಸೆ. 1914ರಲ್ಲಿ ಆ ಪಾಠಶಾಲೆ ಶುರುವಾಯಿತು. ಆಗ ಗವಾಯಿಗಳಿಗೆ 22 ವರ್ಷ, ಹೆಚ್ಚುಕಡಿಮೆ ನಮ್ಮ ಫೈನಲ್ ಇಯರ್ ವಯಸ್ಸು. ಮುಂದೆ ವೀರೇಶ್ವರ ಪುಣ್ಯಾಶ್ರಮ ಅಂತ ಹೆಸರಾದ ಈ ಶಾಲೆಗೆ ಕಟ್ಟಡ ಇರಲಿಲ್ಲ. ಅದು ಊರಿಂದ ಊರಿಗೆ ನಡೆಯುವ ಶಾಲೆ. ಗುರು, ಶಿಷ್ಯರು, ತಂಬೂರಿ, ತಬಲಾ, ಹಾರ್ಮೋನಿಯಂ ಎಲ್ಲವೂ ಒಟ್ಟಿಗೆ ಹೊರಡುತ್ತಿದ್ದವು. ಯಾವುದೋ ಊರಿನ ಮಠದಲ್ಲಿ ಠಿಕಾಣಿ. ಊರವರು ಜೋಳ, ಬೇಳೆ, ರೊಟ್ಟಿ ಕೊಡುತ್ತಿದ್ದರು, ಇವರು ಹಾಡುತ್ತಿದ್ದರು. ಫೀಸು ಇರಲಿಲ್ಲ. ಜಾತಿ ಕೇಳಿ ಸೇರಿಸಿಕೊಳ್ಳುವ ಪದ್ಧತಿಯೂ ಇರಲಿಲ್ಲ.

ಅಲ್ಲಿ ಕಲಿಕೆ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಗಮನಿಸಿ. ಪುಸ್ತಕ ಇಲ್ಲ, ಬೋರ್ಡ್ ಇಲ್ಲ. ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬೆರಳಿಗೆ ತರಬೇಕು. ಹಾರ್ಮೋನಿಯಂ ಮನೆಗಳನ್ನು ಮುಟ್ಟಿಯೇ ಗುರುತು ಹಿಡಿಯಬೇಕು. ತಪ್ಪಿದರೆ ಆ ಕ್ಷಣಕ್ಕೇ ಗೊತ್ತಾಗುತ್ತೆ, ಆರು ತಿಂಗಳಾದ ಮೇಲೆ ಮಾರ್ಕ್ಸ್ ಕಾರ್ಡಿನಲ್ಲಿ ಅಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡಬೇಕು, ಹೇಳಿಕೊಡುತ್ತಾ ತಮ್ಮದನ್ನೂ ಗಟ್ಟಿ ಮಾಡಿಕೊಳ್ಳಬೇಕು. ಸಂಜೆ ಊರ ಜನರ ಮುಂದೆ ಕೂತು ಹಾಡಬೇಕು. ಬೆಳಗ್ಗೆ ಕಲಿತದ್ದಕ್ಕೆ ಸಂಜೆಯೇ ಕೇಳುಗರು ಸಿಗುತ್ತಿದ್ದರು. ಮುಖ್ಯವಾದದ್ದು ಇನ್ನೊಂದಿದೆ. ಪಾಠ ಹೇಳುವವರಿಗೂ ಕಣ್ಣಿರಲಿಲ್ಲ. ಮನೆಯಲ್ಲಿ ತಾನೊಂದು ಭಾರ ಅಂತ ಕೇಳಿ ಬೆಳೆದ ಹುಡುಗ ಇಲ್ಲಿ ತನ್ನಂಥವರೇ ಗುರುವಾಗಿ ಕೂತದ್ದನ್ನು, ಅವರ ಕಾಲಿಗೆ ಊರ ಗೌಡರು ನಮಸ್ಕಾರ ಮಾಡುವುದನ್ನು ದಿನಾ ತಿಳಿಯುತ್ತಿದ್ದ. ನಾನೂ ಹೀಗಾಗಬಹುದು ಅನ್ನೋ ಯೋಚನೆ ಹುಟ್ಟುವುದಕ್ಕೆ ಬೇರೆ ಮೋಟಿವೇಶನ್ ಭಾಷಣ ಬೇಕಿರಲಿಲ್ಲ.

1930ರಲ್ಲಿ ಕುಮಾರಸ್ವಾಮಿಗಳು ತೀರಿಕೊಂಡರು. ಬೆನ್ನಿಗೆ ನಿಂತಿದ್ದ ದೊಡ್ಡ ಆಸರೆ ಹೋಯಿತು. ಶಿಷ್ಯರ ಹೊಟ್ಟೆ ತುಂಬಿಸುವುದೇ ಕಷ್ಟವಾಯಿತು. ಆಗ ಗವಾಯಿಗಳು ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ ಕಟ್ಟಿದರು. ಶಾಸ್ತ್ರೀಯ ಸಂಗೀತದ ವಿದ್ವಾಂಸರೊಬ್ಬರು ನಾಟಕ ಕಂಪನಿ ನಡೆಸುವುದು ಕೆಲವರ ಕಣ್ಣಿಗೆ ಇಳಿಕೆಯಾಗಿ ಕಂಡೀತು. ಆದರೆ ಆ ಕಾಲದಲ್ಲಿ ಹಳ್ಳಿಯ ಜನ ದುಡ್ಡು ಕೊಟ್ಟು ನೋಡುತ್ತಿದ್ದದ್ದು ನಾಟಕವನ್ನೇ, ನಾಟಕದಲ್ಲಿ ಹಾಡು ಬೇಕೇ ಬೇಕಿತ್ತು. ಹಾಗಾಗಿ ಶಿಷ್ಯರು ಕಲಿತ ವಿದ್ಯೆಯೇ ಶಾಲೆಯ ಅನ್ನಕ್ಕೂ ದಾರಿ ಮಾಡಿತು. ಪಾಠ ನಿಲ್ಲಲಿಲ್ಲ. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರಂಥವರ ನೆರವಿನಿಂದ ಶಾಲೆಗೆ ನೆಲೆ ಸಿಕ್ಕಿತು. 1942ರ ಹೊತ್ತಿಗೆ ಆಶ್ರಮ ಗದಗಿನಲ್ಲಿ ಊರಿತು. ಎರಡೇ ವರ್ಷಕ್ಕೆ, 1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು.

ಅವರ ಶಿಷ್ಯರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಒಬ್ಬರು ಬಸವರಾಜ ರಾಜಗುರು. ಧಾರವಾಡ ಜಿಲ್ಲೆಯ ಯಲಿವಾಳದವರು, ಕಣ್ಣಿದ್ದವರು, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ 600ನೇ ವರ್ಷದ ಉತ್ಸವ ನಡೆದಾಗ ಅವರ ಮೊದಲ ದೊಡ್ಡ ಕಛೇರಿ. ಅಂದು ತಬಲಾ ಸಾಥಿಗೆ ಕೂತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಗುರು ವೇದಿಕೆಯ ನಡುವೆ ಕೂತು ಶಿಷ್ಯನನ್ನು ಹಿಂದೆ ಕೂರಿಸಿಕೊಳ್ಳುವುದೇ ರೂಢಿ. ಇಲ್ಲಿ ಗುರು ಪಕ್ಕಕ್ಕೆ ಸರಿದು ತಾಳ ಹಿಡಿದರು. ಆ ಸಂಜೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಎಷ್ಟು ಧೈರ್ಯ ಬಂದಿರಬೇಕು!

ಇನ್ನೊಬ್ಬರು ಹಾನಗಲ್ ತಾಲ್ಲೂಕಿನವರೇ, ದೇವಗಿರಿಯ ಪುಟ್ಟರಾಜ. 1914ರಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, ತಂದೆಯನ್ನೂ ಕಳೆದುಕೊಂಡವರು. ಸೋದರಮಾವನ ಮನೆಯಲ್ಲಿ ಬೆಳೆದು ಗವಾಯಿಗಳ ಕೈಗೆ ಬಂದರು. ಗುರು ತೀರಿಕೊಂಡಾಗ ಅವರಿಗೆ 30 ವರ್ಷ. ಅಲ್ಲಿಂದ 2010ರಲ್ಲಿ ತಾವು ತೀರಿಕೊಳ್ಳುವವರೆಗೆ 66 ವರ್ಷ ಆಶ್ರಮ ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಇಂದು ನಾವು ಕೇಳುವ ಎಂ. ವೆಂಕಟೇಶ ಕುಮಾರರು ಬಳ್ಳಾರಿ ಕಡೆಯ ಬಡ ಕಲಾವಿದರ ಮನೆಯಿಂದ ಬಂದು ಕಲಿತದ್ದು ಅದೇ ಆಶ್ರಮದಲ್ಲಿ, ಪುಟ್ಟರಾಜರ ಹತ್ತಿರ. ಒಬ್ಬ ಹುಡುಗನ ಮೇಲೆ ಹಾನಗಲ್ಲಿನ ಸ್ವಾಮಿಗಳು ಇಟ್ಟ ನಂಬಿಕೆ ಮೂರನೇ ತಲೆಮಾರಿಗೂ ತಲುಪಿತು.

ಆದರೆ ಆ ಕಾಲದಲ್ಲಿ ಎಲ್ಲರಿಗೂ ಹಾದಿ ತೆರೆದಿರಲಿಲ್ಲ ಅನ್ನೋದನ್ನೂ ನೆನಪಿಡಬೇಕು. ಹಾನಗಲ್ ಹೆಸರನ್ನೇ ಹೊತ್ತ ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಹಾಡುವ ಮನೆತನದ ಹೆಣ್ಣು ಅನ್ನೋ ಕಾರಣಕ್ಕೆ ಬೀದಿಯಲ್ಲಿ ಮೂದಲಿಕೆ ಕೇಳಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಹುಡುಗ ಹಾಡಿದರೆ ಪುಣ್ಯ, ಹುಡುಗಿ ಹಾಡಿದರೆ ಕೊಂಕು. ಅದೇ ಸೀಮೆ, ಅದೇ ಕಾಲ, ಅದೇ ಸಂಗೀತ.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಇರೋದರಿಂದ ಹಾನಗಲ್ಲಿನ, ಹಿರೇಕೆರೂರಿನ ಹಳ್ಳಿಗಳಿಂದ ಬಂದವರು ನಮ್ಮ ನಡುವೆ ಇದ್ದಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಎಷ್ಟೋ ಜನ. ಊರಲ್ಲಿ ಮೇಷ್ಟ್ರ ಕಣ್ಮಣಿಗಳಾಗಿದ್ದವರು ಇಲ್ಲಿ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಲೆಕ್ಚರ್ ಕೇಳುತ್ತಾ ಕೊನೆಯ ಬೆಂಚಿನಲ್ಲಿ ಮೌನವಾಗ್ತಾರೆ. ಡೌಟ್ ಕೇಳಿದರೆ ಯಾರಾದರೂ ನಗಬಹುದು ಅನ್ನೋ ಅಳುಕು. ಎರಡು ಬ್ಯಾಕ್‌ಲಾಗ್ ಆದ ಮೇಲೆ ತಮಗೆ ತಲೆ ಇಲ್ಲ ಅಂತ ಅವರೇ ನಂಬಿಬಿಡ್ತಾರೆ. ಉಳಿದವರೂ ಅದನ್ನೇ ನಂಬ್ತಾರೆ. ತಲೆ ಮೊದಲಿನದೇ ಇದೆ. ಬದಲಾಗಿದ್ದು ಭಾಷೆ, ಊಟ, ಜೊತೆಗಾರರು, ತಮ್ಮ ಮೇಲೆ ಇತರರಿಗಿರುವ ನಿರೀಕ್ಷೆ.

ಇವುಗಳಲ್ಲಿ ಕೆಲವನ್ನಾದರೂ ನಾವೇ ಸರಿ ಮಾಡಬಹುದು. ಸೀನಿಯರ್‌ಗಳು ವಾರಕ್ಕೆ ಎರಡು ಸಂಜೆ ಜೂನಿಯರ್‌ಗಳ ಜೊತೆ ಕೂತು ಕನ್ನಡದಲ್ಲೇ ಎಂ-1 ಲೆಕ್ಕ ಬಿಡಿಸಿ ತೋರಿಸೋಕೆ ಯಾವ ಸ್ವಾಮಿಗಳ ಅಪ್ಪಣೆಯೂ ಬೇಡ. ನಮ್ಮ ಸಂಘದ ಕೋಣೆ ಇದೆ, ಬೋರ್ಡ್ ಇದೆ. ಮೂರನೇ ಸೆಮಿಸ್ಟರಿನಲ್ಲಿ ಒದ್ದಾಡಿ ಐದನೆಯದರಲ್ಲಿ ದಾರಿಗೆ ಬಂದ ಕನ್ನಡ ಮಾಧ್ಯಮದ ಸೀನಿಯರ್ ಒಬ್ಬರು ಮುಂದೆ ನಿಂತು ಪಾಠ ಹೇಳಿದರೆ, ಕೊನೆಯ ಬೆಂಚಿನವರಿಗೆ ಅದರಿಂದ ಲೆಕ್ಕದ ಜೊತೆ ಇನ್ನೂ ಒಂದಷ್ಟು ಸಿಗುತ್ತೆ. ಬರೋ ಸೋಮವಾರದಿಂದ ಶುರು ಮಾಡೋಣವಾ? ಹೇಳಿಕೊಡಲು ಮನಸ್ಸಿರುವವರು ಸಂಘದ ಕೋಣೆಯ ಹಲಗೆಯ ಮೇಲೆ ಹೆಸರು ಬರೆಯಿರಿ.

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸು, ರೈಲು ಎರಡೂ ಇವೆ. ರಜೆಯಲ್ಲಿ ಒಮ್ಮೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿಬನ್ನಿ. ಅಲ್ಲಿ ಇವತ್ತಿಗೂ ಮಕ್ಕಳು ಸ್ವರ ಹಚ್ಚುತ್ತಾ ಕೂತಿರ್ತಾರೆ.