ಕಸ್ತೂರಬಾ ರಸ್ತೆಯಿಂದ ಕುಮಾರಕೃಪೆಯವರೆಗೆ: ಒಂದು ಸಂಜೆಯ ಚಿತ್ರಸಂಚಾರ

ನಮ್ಮ ಕನ್ನಡ ಕೂಟದ ಮಕ್ಕಳಿಗೆ ಕುವೆಂಪು ಅವರ ಹೆಸರು ಗೊತ್ತು, ಬೇಂದ್ರೆಯವರ ಹೆಸರು ಗೊತ್ತು, ಪುರಂದರದಾಸರ ಪದಗಳನ್ನು ಬಾಯಿಪಾಠವಾಗಿ ಹಾಡುವವರೂ ಹಲವರಿದ್ದಾರೆ. ಆದರೆ ಕನ್ನಡ ನಾಡಿನಲ್ಲಿ ಹುಟ್ಟಿ, ಕುಂಚವೊಂದನ್ನೇ ನಂಬಿ ಬಾಳಿದ ಒಬ್ಬ ಚಿತ್ರಕಾರನ ಹೆಸರನ್ನಾದರೂ ಹೇಳಿರೆಂದು ರಾಜ್ಯೋತ್ಸವದ ವೇದಿಕೆಯಿಂದ ಕೇಳಿದರೆ, ಮಕ್ಕಳಿರಲಿ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೂ ಸಭಾಂಗಣದ ಛಾವಣಿಯನ್ನು ನೋಡತೊಡಗುವರು. ಇದು ವಿಚಿತ್ರವಾದ ಮರೆವು. ಏಕೆಂದರೆ ಕನ್ನಡದ ಒತ್ತಕ್ಷರಗಳನ್ನು ಇನ್ನೂ ಕೂಡಿಸಿ ಕೂಡಿಸಿ ಓದುತ್ತಿರುವ ಮಗುವಿಗೆ ಕಾವ್ಯದ ಬಾಗಿಲು ತೆರೆಯಲು ಕೆಲವು ವರ್ಷಗಳು ಬೇಕಾದಾವು. ಚಿತ್ರದ ಬಾಗಿಲಿಗೆ ಅಗುಳಿಯೇ ಇಲ್ಲ.

ಆದುದರಿಂದ ಮಕ್ಕಳೇ, ರಜೆಯಲ್ಲಿ ಬೆಂಗಳೂರಿನ ಅಜ್ಜಿಯ ಮನೆಗೆ ಬಂದಾಗ ಒಂದು ಅಪರಾಹ್ಣವನ್ನು ಬಿಡುವು ಮಾಡಿಕೊಂಡು, ತಾತನನ್ನೋ ಸೋದರಮಾವನನ್ನೋ ಜೊತೆಗೆ ಕರೆದುಕೊಂಡು, ಕಸ್ತೂರಬಾ ರಸ್ತೆಯಿಂದ ಕುಮಾರಕೃಪಾ ರಸ್ತೆಯವರೆಗೆ ನಡೆದು ಹೋಗಿರಿ. ಸರಕಾರಿ ಚಿತ್ರಶಾಲೆಗಳು ದೀಪ ಹಚ್ಚುವುದಕ್ಕೆ ಮುಂಚೆಯೇ ಬಾಗಿಲು ಹಾಕುವುದರಿಂದ ಮೂರು ಗಂಟೆಗೇ ಹೊರಡುವುದು ಕ್ಷೇಮ.

ಆರಂಭದ ಸ್ಥಾನ ವೆಂಕಟಪ್ಪ ಚಿತ್ರಶಾಲೆ. ಅದು ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕೆಂಬಣ್ಣದ ಸರಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ಇದೆ. ಯಾರ ಹೆಸರನ್ನು ಈ ಕಟ್ಟಡ ಹೊತ್ತಿದೆಯೋ ಆ ಕೆ. ವೆಂಕಟಪ್ಪನವರು (1886-1965) ಮೈಸೂರು ಅರಮನೆಯ ಆಶ್ರಯದಲ್ಲಿ ತಲೆಮಾರುಗಳಿಂದ ಚಿತ್ರ ಬರೆದುಕೊಂಡು ಬಂದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಹುಡುಗನ ಕೈಚಳಕವನ್ನು ಕಂಡ ಅರಮನೆ ಅವರ ವಿದ್ಯಾಭ್ಯಾಸದ ಭಾರವನ್ನು ವಹಿಸಿಕೊಂಡಿತು. ಮದರಾಸಿನ ಕಲಾಶಾಲೆಯನ್ನು ಮುಗಿಸಿ, ಅಲ್ಲಿಂದ ಕಲಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಬಳಿ ಶಿಷ್ಯವೃತ್ತಿಯನ್ನು ಕೈಕೊಂಡು, ನಂದಲಾಲ ಬೋಸರಂಥವರ ಜೊತೆಯಲ್ಲಿ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದ, 1913ರಲ್ಲಿ ಪ್ರಕಟವಾದ ಗ್ರಂಥವೊಂದಿದೆ. ಅದರ ಚಿತ್ರಗಳನ್ನು ಬರೆದ ಅವನೀಂದ್ರರ ಶಿಷ್ಯರಲ್ಲಿ ನಮ್ಮ ವೆಂಕಟಪ್ಪನವರೂ ಒಬ್ಬರು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಆ ಪುಸ್ತಕ ಸಿಕ್ಕರೂ ಸಿಗಬಹುದು; ಚಿತ್ರಗಳ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿ ನೋಡಿ.

ಊರಿಗೆ ಮರಳಿದ ಮೇಲೆ ಅವರಿಗೆ ವೀಣೆಯ ಹುಚ್ಚು ಹಿಡಿಯಿತು. ವೀಣೆ ಶೇಷಣ್ಣನವರಲ್ಲಿ ಪಾಠ ಹೇಳಿಸಿಕೊಂಡು, ಕುಂಚವನ್ನು ಬದಿಗಿಟ್ಟು ಸಾಧನೆ ಮಾಡಿದರು. ಬಳಿಕ ಆ ಹುಚ್ಚನ್ನೇ ವಸ್ತುವಾಗಿಸಿಕೊಂಡು ಒಂದು ಚಿತ್ರವನ್ನೂ ಬರೆದರು. ಮದುವೆಯಾಗಲಿಲ್ಲ, ಸಂಪತ್ತಿಗೆ ಆಸೆಪಡಲಿಲ್ಲ, ಆದರೆ ತಮ್ಮ ಕೆಲಸದ ಗೌರವಕ್ಕೆ ಕುಂದು ಬಂತೆಂದು ತೋರಿದಾಗ ಸುಮ್ಮನಿರುವ ಸ್ವಭಾವವೂ ಅವರದಲ್ಲ: ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ದಿವಂಗತರಾದ ಮೇಲೆ, ಅರಮನೆಗಾಗಿ ತಾವು ಮಾಡುತ್ತಿದ್ದ ಗಾರೆಯ ಉಬ್ಬುಶಿಲ್ಪಗಳ ವಿಷಯದಲ್ಲಿ ವಿವಾದ ಹುಟ್ಟಲು, ಅನ್ನ ಹಾಕಿದ ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಅಜ್ಜಂದಿರ ಕಾಲದ ಚಿತ್ರಗಾರನೊಬ್ಬ ಇಂಥದನ್ನು ಕನಸಿನಲ್ಲಿಯೂ ನೆನೆದಿರಲಾರ. ಕಲಾವಿದನೆಂಬವನು ಆಸ್ಥಾನದ ಊಳಿಗದವನಲ್ಲ, ತನ್ನ ಕೃತಿಗೆ ತಾನೇ ಯಜಮಾನನೆಂಬ ಭಾವನೆ ನಮ್ಮ ನಾಡಿನಲ್ಲಿ ಬೇರೂರಿದ್ದು ಇಂತಹ ಹಟಮಾರಿಗಳಿಂದ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಕಥೆ ಕೇಳಿದ ಮೇಲೆ ಗೋಡೆ ತುಂಬುವ ಭಾರಿ ಚಿತ್ರಗಳನ್ನು ನಿರೀಕ್ಷಿಸಿ ಒಳಗೆ ಹೋದವರಿಗೆ ಮೊದಲು ನಿರಾಶೆಯಾದೀತು. ಅವರ ಜಲವರ್ಣ ಚಿತ್ರಗಳು ಚಿಕ್ಕವು. ದೂರದಿಂದ ನೋಡಿದರೆ ಏನೂ ಕಾಣದು, ಹತ್ತಿರ ಹೋಗಬೇಕು, ಹೋಗಿ ನಿಲ್ಲಬೇಕು. 1926ರ ಸುಮಾರಿನಲ್ಲಿ ಉದಕಮಂಡಲದಲ್ಲಿದ್ದು ಬರೆದ ನೀಲಗಿರಿಯ ದೃಶ್ಯಗಳನ್ನು ಮುಖ್ಯವಾಗಿ ನೋಡಿರಿ: ಬೆಳುದಿಂಗಳಲ್ಲಿ ಮಲಗಿದ ಊಟಿ, ಮಂಜು ಕವಿದ ಗುಡ್ಡ, ಒಡೆಯುತ್ತಿರುವ ಮುಂಗಾರು ಮೋಡಗಳು. ಎಲ್ಲಿ ಬೆಟ್ಟ ಮುಗಿದು ಮಂಜು ಮೊದಲಾಯಿತು, ಎಲ್ಲಿ ಮಂಜು ತೆಳುವಾಗಿ ಆಕಾಶ ಮೊದಲಾಯಿತು ಎಂಬುದನ್ನು ಬೆರಳಿಟ್ಟು ತೋರಿಸಲು ಯತ್ನಿಸಿ (ಬೆರಳನ್ನು ಗಾಜಿಗೆ ತಗುಲಿಸಬೇಡಿ, ಕಾವಲುಗಾರರು ಗದರಿಸುವರು), ನಿಮ್ಮಿಂದಾಗದು. ಇದೇ ಆವರಣದಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಕೆ. ಕೆ. ಹೆಬ್ಬಾರರ (1911-1996) ಕೃತಿಗಳಿಗೂ ಸ್ಥಳವಿದೆ. ಒಂದೇ ರೇಖೆಯ ಬಳುಕಿನಲ್ಲಿ ನರ್ತಕಿಯನ್ನು ಕುಣಿಸಬಲ್ಲ ಕೈ ಅವರದು; ವೆಂಕಟಪ್ಪನವರ ಏಕಾಂತದಿಂದ ಹೊರಬಂದ ಕಣ್ಣಿಗೆ ಈ ಲವಲವಿಕೆ ಹಿತವೆನಿಸುತ್ತದೆ.

ಈ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದರ ನಿರ್ವಹಣೆಗೆ ಒಪ್ಪಿಸುವ ಪ್ರಸ್ತಾವ ಬಂದಾಗ ನಗರದ ಕಲಾವಿದರು 2016ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಖಾಸಗಿ ಮ್ಯೂಸಿಯಂ ಒಂದು ತೆರೆಯಿತು. ‘ಮ್ಯಾಪ್’ ಎಂದರೆ ಆಟೋದವರಿಗೂ ತಿಳಿಯುತ್ತದೆ. ಸಮಯವಿದ್ದರೆ ಅದನ್ನೂ ನೋಡಿಕೊಂಡು, ಬಳಿಕ ಕಬ್ಬನ್ ಪಾರ್ಕಿನ ಒಳಹಾದಿಯನ್ನು ಹಿಡಿಯಿರಿ.

ಈ ಒಳಹಾದಿಯೂ ಒಬ್ಬ ಚಿತ್ರಕಾರನ ಚಿತ್ರಶಾಲೆಯೇ. ದೊಡ್ಡಬಳ್ಳಾಪುರದ ಕಡೆಯವರಾದ ರುಮಾಲೆ ಚನ್ನಬಸವಯ್ಯನವರು (1910-1988) ತಾರುಣ್ಯದಲ್ಲಿ ಚಿತ್ರಕಲೆಯನ್ನು ಕಲಿತು, ಸ್ವಾತಂತ್ರ್ಯ ಸಂಗ್ರಾಮದ ಕರೆಗೆ ಓಗೊಟ್ಟು ಕುಂಚವನ್ನು ಕೆಳಗಿಟ್ಟು, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವವನ್ನೂ ರಾಜಕಾರಣವನ್ನೂ ನಡೆಸಿ, ಐವತ್ತು ದಾಟಿದ ಮೇಲೆ ಅವೆಲ್ಲವನ್ನೂ ಬಿಟ್ಟು ಮತ್ತೆ ಚಿತ್ರಕ್ಕೇ ಬಂದವರು. ಆಮೇಲೆ ಅವರು ಮಾಡಿದ್ದೆಂದರೆ ಬೆಂಗಳೂರಿನ ಹೂಮರಗಳ ಎದುರು ಬಯಲಿನಲ್ಲಿ ಕುಳಿತು, ನೇರಿಳೆ ಬಣ್ಣದ ಜಕರಂಡವನ್ನೂ ಕೆಂಡದಂಥ ಗುಲ್‌ಮೊಹರನ್ನೂ ಚುಕ್ಕೆ ಚುಕ್ಕೆಯಾಗಿ ಬರೆದದ್ದು. ಅವರು ಬರೆದ ರಸ್ತೆಗಳಲ್ಲಿ ಹಲವು ಇಂದು ಮರಗಳಿಲ್ಲದೆ ಬೋಳಾಗಿವೆ. ಅವರ ಚಿತ್ರಗಳು ಈಗ ನಗರದ ಸಾಕ್ಷ್ಯಪತ್ರಗಳೂ ಆಗಿವೆ. ಅವನ್ನು ಕಾಪಾಡಿಕೊಂಡಿರುವ ಮನೆಯೊಂದು ರಾಜಾಜಿನಗರದಲ್ಲಿದೆ, ಅದು ಬೇರೆ ದಿನದ ಕೆಲಸ.

ವಿಧಾನಸೌಧವನ್ನು ದಾಟಿ ಅರಮನೆ ರಸ್ತೆಗೆ ಬಂದರೆ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯ. ಅಲ್ಲಿ ನೋಡುವುದಕ್ಕೆ ಬಹಳವಿದೆ, ಆದ ಕಾರಣವೇ ಅಂದು ಹೆಚ್ಚು ನೋಡಬಾರದು. ಅಂಗಳದ ಹಳೆಯ ಮರಗಳ ಕೆಳಗೆ ಸ್ವಲ್ಪ ಹೊತ್ತು ಕುಳಿತು ಕಾಲಿಗೆ ವಿಶ್ರಾಂತಿ ಕೊಟ್ಟರೆ ಸಾಕು.

ಸಂಚಾರದ ಕೊನೆಯ ನೆಲೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಎಂ. ಎಸ್. ನಂಜುಂಡರಾಯರ ಶ್ರಮದಿಂದ 1960ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ತೊಗಲುಗೊಂಬೆಗಳ ಸಂಗ್ರಹವಿದೆ. ರಷ್ಯಾದಲ್ಲಿ ಹುಟ್ಟಿ, ನಟಿ ದೇವಿಕಾರಾಣಿಯವರ ಕೈಹಿಡಿದು, ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿಕೊಂಡು ನಮ್ಮವರೇ ಆಗಿಹೋದ ಸ್ವೆತೊಸ್ಲಾವ್ ರೋರಿಕ್‌ರ (1904-1993) ಮತ್ತು ಅವರ ತಂದೆಯವರ ಚಿತ್ರಗಳೂ ಇವೆ. ಆದರೆ ನೀವು ತಪ್ಪದೆ ಹುಡುಕಬೇಕಾದದ್ದು ಮೈಸೂರು ಸಂಪ್ರದಾಯದ ಚಿತ್ರಗಳ ಕೋಣೆಯನ್ನು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಶೈಲಿಯಲ್ಲಿ, ದೇವರ ಕಿರೀಟವನ್ನೂ ಆಭರಣಗಳನ್ನೂ ಮಕ್ಕಿ ಸಫೇದದ ಲೇಪದಿಂದ ನವುರಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುವರು. ಮಧ್ಯಾಹ್ನ ನೀವು ನೋಡಿದ ಆ ಮಂಜಿನ ಬೆಟ್ಟಗಳನ್ನು ಬರೆದವರ ಹಿರಿಯರು ಮಾಡುತ್ತಿದ್ದ ಕೆಲಸ ಇದು. ಈ ಬಂಗಾರದ ಮನೆಯಿಂದ ಆ ಬರಿಯ ನೀರಿನ ಬಣ್ಣಕ್ಕೆ ಒಬ್ಬ ಮನುಷ್ಯ ತನ್ನ ಒಂದೇ ಆಯುಷ್ಯದಲ್ಲಿ ನಡೆದು ಬಂದನೆಂಬುದು ಎರಡನ್ನೂ ಒಂದೇ ದಿನ ನೋಡಿದವರಿಗೆ ಮಾತ್ರ ಸರಿಯಾಗಿ ಹೊಳೆಯುತ್ತದೆ. ಈ ದಾರಿಯನ್ನು ನಾನು ಆರಿಸಿದ್ದು ಅದಕ್ಕಾಗಿಯೇ.

ತಂದೆತಾಯಿಯರಿಗೆ ಎರಡು ಮಾತು. ಸೋಮವಾರ ಸರಕಾರಿ ಸಂಗ್ರಹಾಲಯಗಳಿಗೆ ರಜೆ. ದುರಸ್ತಿಗಾಗಿ ಕೆಲವು ಕೋಣೆಗಳನ್ನು ಮುಚ್ಚುವುದೂ ಉಂಟಾದುದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಜನವರಿಯಲ್ಲಿ ಬರುವವರು ಪರಿಷತ್ತಿನ ಚಿತ್ರಸಂತೆಯ ಭಾನುವಾರ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿರುವುದಿಲ್ಲ, ಸಾವಿರಕ್ಕೂ ಮಿಕ್ಕ ಕಲಾವಿದರು ಬೀದಿಯ ಇಕ್ಕೆಲಗಳಲ್ಲಿ ಕುಳಿತು ತಮ್ಮ ಚಿತ್ರಗಳನ್ನು ತಾವೇ ಮಾರುವರು, ಮಕ್ಕಳು ಅವರನ್ನು ಮಾತನಾಡಿಸಬಹುದು. ಇನ್ನು ಮಕ್ಕಳೇ, ನೋಡಿದ್ದರಲ್ಲಿ ಮನಸ್ಸಿಗೆ ಹಿಡಿದ ಒಂದೇ ಒಂದು ಚಿತ್ರವನ್ನು ಕುರಿತು, ಬಂದಷ್ಟು ಕನ್ನಡದಲ್ಲಿ ಹತ್ತು ಸಾಲು ಬರೆದು, ಅಥವಾ ಅದನ್ನು ನೆನಪಿನಿಂದಲೇ ಕಾಗದದ ಮೇಲೆ ಬರೆದು, ಮುಂದಿನ ಸಂಚಿಕೆಗೆ ಕಳುಹಿಸಿಕೊಡಿ. ತಪ್ಪುಗಳನ್ನು ತಿದ್ದದೆ ಹಾಗೆಯೇ ಅಚ್ಚು ಹಾಕಿಸೋಣ.